ಒಂದೇ ಕಣ್ಣಿನ ಅಳು

ಹೋದ ತಿಂಗಳು ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಬಂದ ಹೊಸ ಫಿಸಿಯೋಥೆರಪಿಸ್ಟ್. "ಮೇಡಂ, ಮುಖದ ನರಕ್ಕೆ ಪೆಟ್ಟಾಗಿರೋ ಪೇಷಂಟ್ ಬಂದಿದ್ದಾರೆ. ಯಾವಾಗ ಸರಿಹೋಗುತ್ತೆ ಅಂತ ಕೇಳ್ತಿದ್ದಾರೆ, ಏನು ಹೇಳಲಿ?" ಎಂದಳು. "ಏನು ಬೇಕಾದರೂ ಹೇಳು, ಮೊದಲಿನ ಹಾಗೇ ಆಗುತ್ತೆ ಅಂತ ಮಾತ್ರ ಹೇಳಬೇಡ" ಎಂದೆ. "ಆಯ್ತು ಮೇಡಂ" ಎಂದು ಫೋನಿಟ್ಟಳು. ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಅದಕ್ಕೇ ಬರೆಯಲು ಕೂತಿದ್ದೇನೆ. ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಬೇಕಾದರೆ ಬಳಸಿಕೊಳ್ಳಲಿ, ಬೇಡವಾದರೆ ಪಕ್ಕಕ್ಕಿಡಲಿ.

ನನ್ನ ನೌಕರಿಯೆಲ್ಲ ಕಳೆದದ್ದು ರಾಮನಗರ ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ. ಎಲ್ಲಿಗೆ ಹೋದರೂ ನನಗೆ ಸಿಗುತ್ತಿದ್ದದ್ದು ಕಟ್ಟಡದ ಹಿಂಭಾಗದ ಕೋಣೆ, ಅದಕ್ಕೆ ಗಾಳಿ ಬರುವ ಕಿಟಕಿ ಇರುತ್ತಿರಲಿಲ್ಲ. ಅದರಲ್ಲೊಂದು ಮಂಚ, ಒಂದು ಕನ್ನಡಿ, ಒಂದು ಕರೆಂಟ್ ಮೆಷಿನ್. ಸತ್ತ ಸ್ನಾಯುವಿಗೆ ಸಣ್ಣದಾಗಿ ಕರೆಂಟ್ ಕೊಟ್ಟು ಕುಣಿಸುವ ಮೆಷಿನ್ ಅದು. ಜನ ನನ್ನ ಹೆಸರನ್ನು ಎಂದೂ ಕೇಳಲಿಲ್ಲ. ಕೋಡಿಹಳ್ಳಿಯಿಂದ ಬಂದವರಿಗೂ ಮಾಗಡಿಯಿಂದ ಬಂದವರಿಗೂ ನಾನು ಕರೆಂಟಮ್ಮ.

ಆಗಿನ ಪದ್ಧತಿಯೇ ಹಾಗಿತ್ತು. ಬಾಯಿ ಸೊಟ್ಟಗಾಗಿ ಬಂದವರಿಗೆ ಕೆನ್ನೆಗೆ ಕರೆಂಟ್ ಕೊಡುವುದು, ಬಲೂನು ಊದಿಸುವುದು, ಚ್ಯೂಯಿಂಗ್ ಗಮ್ ಅಗಿಸುವುದು, ಎಷ್ಟು ಜೋರಾಗಿ ಮಾಡಿದರೆ ಅಷ್ಟು ಒಳ್ಳೆಯದು ಎನ್ನುವುದು. ನಮ್ಮ ಹಿರಿಯ ಡಾಕ್ಟರೊಬ್ಬರು ಬಾಗಿಲಲ್ಲೇ ನಿಂತು, "ಇನ್ನೊಂದು ಪಾಯಿಂಟ್ ಏರಿಸಿ, ಸರ್ಕಾರದ ಕರೆಂಟು" ಎಂದು ನಗುತ್ತಿದ್ದರು. ಚುರುಕ್ ಅನ್ನದಿದ್ದರೆ ರೋಗಿಗಳಿಗೂ ಸಮಾಧಾನವಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ ಹೇಳಿದರು: ಮುಖ ತೊಡೆಯಲ್ಲ, ಅದಕ್ಕೆ ಶಕ್ತಿ ಬೇಡ, ನಾಜೂಕು ಬೇಕು. ಕನ್ನಡಿ ಮುಂದೆ ಕೂರಿಸಿ, ನಿಧಾನವಾಗಿ, ಅಕ್ಕಿಕಾಳಿನಷ್ಟು ಅಲುಗಾಡಿಸುವುದನ್ನು ಕಲಿಸಿ. ನಾನು ಮೆಷಿನ್ನಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟೆ. ಮರುದಿನದಿಂದ ಬಂದವರೆಲ್ಲರದೂ ಒಂದೇ ಪ್ರಶ್ನೆ: "ಯಾಕವ್ವ, ಇವತ್ತೂ ಕರೆಂಟ್ ಇಲ್ವಾ?"

ಬಟ್ಟೆ ಹೊದಿಸಿದ್ದು ತಪ್ಪೆಂದು ಒಬ್ಬ ಚನ್ನಪಟ್ಟಣದವನು ನಂಬಿದ. ಅರಗಿನ ಬೊಂಬೆ ಕಡೆಯುವ ಕೆಲಸದವನು. ನನ್ನಲ್ಲಿಗೆ ನಾಲ್ಕು ಸಲ ಬಂದು, "ಇವಮ್ಮ ಕನ್ನಡಿ ನೋಡ್ಸಿ ಕಳಿಸ್ತಾರೆ ಅಷ್ಟೆ" ಎಂದು ಬೇರೆ ಕಡೆ ಹೋಗಿ ಬೇಕಾದಷ್ಟು ಕರೆಂಟ್ ಹಾಕಿಸಿಕೊಂಡ, ಬೆಳಗಿನಿಂದ ಸಂಜೆವರೆಗೂ ಗಮ್ ಅಗಿದ. ಮುಖ ಬಂತು. ಆದರೆ ಬೆಳೆಯುವ ನರದ ಎಳೆಗಳು ದಾರಿ ತಪ್ಪಿದ್ದವು, ತುಟಿಗೆ ಹೋಗಬೇಕಾದದ್ದು ರೆಪ್ಪೆಗೂ ಹೋಗಿತ್ತು. ಅವನು ನಕ್ಕರೆ ಆ ಕಡೆಯ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನನ್ನ ಕೈಯಲ್ಲಿ ಇದ್ದಿದ್ದರೂ ಹಾಗಾಗುತ್ತಿರಲಿಲ್ಲ ಎಂದು ನಾನು ಆಣೆ ಮಾಡಲಾರೆ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು, "ಏನ್ಲಾ, ಕಣ್ ಹೊಡೀತೀಯಾ ನಂಗೆ?" ಎಂದು ತಕ್ಕಡಿ ಎತ್ತಿದಳಂತೆ. ಅವನು ತಿರುಗಿ ನನ್ನಲ್ಲಿಗೇ ಬಂದು ಇದನ್ನು ಹೇಳುವಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅವನೂ ನಗಲು ಹೋದ, ಕಣ್ಣು ಮುಚ್ಚಿತು, ಅಲ್ಲಿಗೇ ನಿಲ್ಲಿಸಿದ. ಆಮೇಲೆ ಅವನು ನಗುವುದನ್ನೇ ಬಿಟ್ಟ ಎಂದು ಅವನ ಹೆಂಡತಿ ಹೇಳಿದಳು.

ಇನ್ನೊಂದು ಮಾತು ಮರೆಯುವ ಮುನ್ನ ಹೇಳಿಬಿಡುತ್ತೇನೆ. ಬಾಯಿ ಸೊಟ್ಟಗಾದದ್ದು ಊರಿಗೆಲ್ಲ ಕಾಣುತ್ತದೆ, ಕಣ್ಣು ಪೂರ್ತಿ ಮುಚ್ಚದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಕೋಡಿಹಳ್ಳಿ ಕಡೆಯ ರೈತರೊಬ್ಬರು ಕೆನ್ನೆಗೆ ಸೊಪ್ಪು ಅರೆದು ಹಚ್ಚಿಕೊಂಡು, ತೆರೆದ ಕಣ್ಣಲ್ಲೇ ಮಲಗಿ, ಹುಲ್ಲಿನ ಧೂಳಿನಲ್ಲಿ ಕೆಲಸ ಮಾಡಿ, ಕಡೆಗೆ ನನ್ನ ಬಳಿಗೆ ಬಂದಾಗ ಕಣ್ಣಿನ ಕಪ್ಪು ಗುಡ್ಡೆಯ ಮೇಲೆ ಬಿಳಿ ಕಲೆ ಕೂತಾಗಿತ್ತು. ಕೆಲವು ತಿಂಗಳಲ್ಲಿ ಬಾಯಿ ನೇರವಾಯಿತು, ದೃಷ್ಟಿ ಬರಲಿಲ್ಲ. ಮೊದಲು ಕಣ್ಣು ನೋಡಿ, ಬಾಯಿ ಆಮೇಲೆ.

ಈಗ ಶೈಲಾಳ ವಿಷಯಕ್ಕೆ ಬರುತ್ತೇನೆ. ಹುಡುಗಿ ಫೋನ್ ಮಾಡಿದ ರಾತ್ರಿಯೆಲ್ಲ ನನ್ನ ತಲೆಯಲ್ಲಿ ಇದ್ದವಳು ಅವಳೇ.

ಶೈಲಾ ಗುಡೇಮಾರನಹಳ್ಳಿಯ ಹುಡುಗಿ. ಮಾಗಡಿ ಪೇಟೆಯಲ್ಲಿ ಮೆಸ್ ನಡೆಸುವ ಮನೆಗೆ ಸೊಸೆಯಾಗಿ ಹೋಗಿದ್ದಳು. ಮೆಸ್ಸನ್ನು ನಿಜವಾಗಿ ನಡೆಸುತ್ತಿದ್ದವರು ಅತ್ತೆ ಸಿದ್ದಗಂಗಮ್ಮ. ಮಗ ಮಹೇಶ ಗಲ್ಲಾದಲ್ಲಿ ಕೂರುತ್ತಿದ್ದ. ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ. ಒಂದು ದಿನ ಗಂಡ ಹೆಂಡತಿ ಸಾವನದುರ್ಗಕ್ಕೆ ಹೋಗಿ ಪೂಜೆ ಮಾಡಿಸಿ ಗಾಡಿಯಲ್ಲಿ ವಾಪಸಾಗುವಾಗ, ಬಣ್ಣ ಬಳಿಯದ ರಸ್ತೆಯ ಹಂಪ್ ಕಾಣದೆ ಗಾಡಿ ಹಾರಿತು. ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದ ಶೈಲಾ ಹಿಂದಕ್ಕೆ ಬಿದ್ದಳು. ಬಲಗಿವಿಯಿಂದ ರಕ್ತ ಬಂತು. ಕಿವಿಯ ಹಿಂದಿನ ಮೂಳೆ ಬಿರುಕು ಬಿಟ್ಟಿತ್ತು, ಅದರೊಳಗೆ ಹಾಯುವ ಮುಖದ ನರ ಜಜ್ಜಿಹೋಗಿತ್ತು. ಬೆಂಗಳೂರಿನಲ್ಲಿ ಜೀವ ಉಳಿಸಿ ಕಳಿಸಿದರು. ಮುಖದ ಬಲ ಅರ್ಧ ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು.

ಅವಳನ್ನು ನನ್ನಲ್ಲಿಗೆ ಕರೆತರುತ್ತಿದ್ದವರು ಅಪ್ಪ ಗಂಗಾಧರಯ್ಯ. ಹಣೆಗೆ ವಿಭೂತಿ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಮಗಳ ಚೀಲ. ಮಾಗಡಿಗೆ ಹೋಗಿ ಅವಳನ್ನು ಕರೆದುಕೊಂಡು, ರಾಮನಗರದ ಬಸ್ಸು ಹಿಡಿದು, ಮತ್ತೆ ವಾಪಸು ಬಿಟ್ಟು ಊರಿಗೆ ಹೋಗುತ್ತಿದ್ದರು. ನಾನು ಶೈಲಾಳನ್ನು ಕನ್ನಡಿ ಮುಂದೆ ಕೂರಿಸಿ, "ನಗಬೇಡ, ನಗು ಬರುವ ಮುಂಚೆ ತುಟಿ ಹೇಗೆ ಸಡಿಲವಾಗುತ್ತದೋ ಅಷ್ಟು ಮಾತ್ರ" ಎಂದು ಹೇಳಿಕೊಡುತ್ತಿದ್ದೆ. ಒಂದು ದಿನ ಕನ್ನಡಿಯಲ್ಲಿ ನೋಡುತ್ತೇನೆ, ಹಿಂದಿನ ಬೆಂಚಿನ ಮೇಲೆ ಕೂತ ಗಂಗಾಧರಯ್ಯನವರೂ ತುಟಿ ಸಡಿಲ ಮಾಡುತ್ತಿದ್ದಾರೆ, ಹುಬ್ಬು ಏರಿಸುತ್ತಿದ್ದಾರೆ, ಮೂಗು ಸುಕ್ಕುಗಟ್ಟಿಸುತ್ತಿದ್ದಾರೆ.

"ನಿಮಗೇನಾಗಿದೆ ಯಜಮಾನರೇ?" ಎಂದು ಗದರಿದೆ.

"ನಂಗೇನೂ ಆಗಿಲ್ಲ ಕಣ್ರವ್ವ. ಅವ್ಳೊಬ್ಳೇ ಮಾಡುದ್ರೆ ನಾಚ್ಕೋತಾಳೆ, ಅದ್ಕೆ ನಾನೂವೆ ಒಸಿ ಮಾಡ್ತೀನಿ" ಎಂದರು.

ಮನೆಯಲ್ಲೂ ಹಾಗೇ ಮಾಡುತ್ತಿದ್ದರಂತೆ. ಮಗಳು ತವರಿಗೆ ಬಂದಾಗ ಜಗಲಿಯ ಮೇಲೆ ಇಬ್ಬರೂ ಒಂದೊಂದು ಕೈಗನ್ನಡಿ ಹಿಡಿದು ಕೂತರೆ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರಂತೆ. ಆ ಮುದುಕರ ಮೇಲೆ ನನಗೆ ವಿಪರೀತ ಪ್ರೀತಿ ಬಂತು, ಅದನ್ನು ಮುಚ್ಚಿಟ್ಟುಕೊಳ್ಳಲು ಇನ್ನಷ್ಟು ಗದರಿದೆ.

ತಿಂಗಳುಗಳು ಕಳೆದವು. ಒಂದು ಬೆಳಗ್ಗೆ ಬಲಗೆನ್ನೆಯಲ್ಲಿ ಸಣ್ಣ ಅಲುಗಾಟ ಕಂಡೆ. ಮೊದಲು ಕನ್ನಡಿ ಅಲುಗಾಡಿತೇನೋ ಎಂದುಕೊಂಡೆ. ಮತ್ತೆ ಮಾಡಿಸಿದೆ, ಮತ್ತೆ ಬಂತು. ಗಂಗಾಧರಯ್ಯ ಎದ್ದು ಆಚೆ ಹೋದರು. ತಿರುಗಿ ಬರುವಾಗ ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣವಿತ್ತು. ಅಲ್ಲಿಂದ ಮುಂದೆ ಮುಖ ದಿನೇ ದಿನೇ ಏರಿತು. ಕಣ್ಣು ಬಹುಪಾಲು ಮುಚ್ಚಿತು, ನಗು ಮುಕ್ಕಾಲು ಪಾಲು ಬಂತು. ಹಿರಿಯ ಡಾಕ್ಟರು ಮೊದಲಿನ ಫೋಟೋ ಈಗಿನ ಫೋಟೋ ಪಕ್ಕಪಕ್ಕ ಇಟ್ಟು, "ಇದು ನೋಡಿ ಸಕ್ಸಸ್ ಅಂದರೆ" ಎಂದು ಎಲ್ಲರಿಗೂ ತೋರಿಸಿದರು.

ಆ ಫೋಟೋ ತೆಗೆದ ದಿನವೂ ಗಂಗಾಧರಯ್ಯ ಸಿಹಿ ತಂದಿದ್ದರು. ಶೈಲಾ ಒಂದು ತುಂಡು ಬಾಯಿಗಿಟ್ಟುಕೊಂಡಳು. ಕಣ್ಣಿನಿಂದ ನೀರು ಇಳಿಯಿತು. ಡಾಕ್ಟರು, ನರ್ಸುಗಳು, ಅಪ್ಪ ಎಲ್ಲರೂ ಸಂತೋಷದ ಕಣ್ಣೀರು ಎಂದರು. ಒಬ್ಬಳು ನರ್ಸು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹತ್ತಿರ ಹೋಗಿ ನೋಡಿದೆ. ನೀರು ಇಳಿದದ್ದು ಬಲಗಣ್ಣಿನಿಂದ ಮಾತ್ರ. ಎಡಗಣ್ಣು ಒಣಗಿತ್ತು. ಎಲ್ಲರೂ ಹೋದ ಮೇಲೆ, "ಇನ್ನೊಂದು ತುಂಡು ತಿನ್ನು" ಎಂದೆ. ತಿಂದಳು. ಬಲಗಣ್ಣು ಮತ್ತೆ ತುಂಬಿ ಹರಿಯಿತು.

"ಹದಿನೈದ್ ದಿನದಿಂದ ಹಿಂಗೇ ಆಯ್ತಾ ಐತೆ ಮೇಡಂ. ತುತ್ತು ಬಾಯ್ಗಿಟ್ರೆ ಸಾಕು. ನಂಗೇನೂ ದುಃಖ ಇಲ್ಲ, ಸುಮ್‌ಸುಮ್ನೆ ಬತ್ತೈತೆ" ಎಂದಳು.

ಅಪ್ಪ ಮಗಳಿಬ್ಬರನ್ನೂ ಕೂರಿಸಿ ವಿವರಿಸಿದೆ. ಬಿರುಕು ಬಿಟ್ಟ ಆ ಮೂಳೆಯೊಳಗೆ ಹಾಯುವ ನರದ ಒಂದೇ ಕಟ್ಟಿನಲ್ಲಿ ಬಾಯಲ್ಲಿ ಜೊಲ್ಲು ಸುರಿಸುವ ಎಳೆಯೂ ಇದೆ, ಕಣ್ಣೀರು ಸುರಿಸುವ ಎಳೆಯೂ ಇದೆ. ಕಟ್ಟು ಜಜ್ಜಿ ಮತ್ತೆ ಬೆಳೆಯುವಾಗ ಜೊಲ್ಲಿನ ಎಳೆ ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿದೆ. ಆದ್ದರಿಂದ ನಾಲಿಗೆಗೆ ರುಚಿ ತಗುಲಿದರೆ ಕಣ್ಣಲ್ಲಿ ನೀರು ಬರುತ್ತದೆ. ಗಂಗಾಧರಯ್ಯ, "ಮೇವು ಮುಗ್ಸಿದ್ ಹಸ ಪಕ್ಕದ್ ಮನೆ ಕೊಟ್ಗೆಗೆ ನುಗ್ದಂಗೆ ಅನ್ನಿ" ಎಂದರು. ನಾನು ಓದಿದ ಯಾವ ಪಾಠದಲ್ಲೂ ಇದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ. "ಎಳ್ಕಂಡ್ ಬಂದು ಕಟ್ಟಾಕ್ಕಾಯ್ಕಿಲ್ವಾ?" ಎಂದು ಕೇಳಿದರು. ಆಗುವುದಿಲ್ಲ ಎಂದೆ.

ಒಂದು ಸೂಜಿ ಇದೆ, ಕಣ್ಣೀರಿನ ಗ್ರಂಥಿಗೆ ಹಾಕುತ್ತಾರೆ. ಮಹೇಶ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಾಕಿಸಿದ. ಕೆಲವು ತಿಂಗಳು ನೀರು ನಿಂತಿತು. ಆದರೆ ರೆಪ್ಪೆ ಇನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ಕಣ್ಣು ಒಣಗಿ ಉರಿಯತೊಡಗಿತು. ಇನ್ನೊಮ್ಮೆ ಬೇಡ ಎಂದು ಅಲ್ಲಿಯ ಡಾಕ್ಟರೇ ಹೇಳಿದರು. ನೀರು ವಾಪಸು ಬಂತು.

ನಮ್ಮ ಸೀಮೆಯಲ್ಲಿ ಅನ್ನದ ಮುಂದೆ ಕೂತು ಕಣ್ಣೀರು ಹಾಕುವುದು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಎಂಥ ಜಗಳ ಆಗಿದ್ದರೂ ತಟ್ಟೆ ಮುಂದೆ ಅಳಕೂಡದು, ಅತ್ತರೆ ಮನೆಗೆ ಕೇಡು. ಇವಳೋ ದಿನಕ್ಕೆ ಮೂರು ಹೊತ್ತು ತಪ್ಪದೆ ಅಳುವವಳು, ಅದೂ ಊರಿಗೆಲ್ಲ ಅನ್ನ ಮಾರುವ ಮನೆಯಲ್ಲಿ. ಮೆಸ್ಸಿನ ಹಿಂದಿನ ಬೆಂಚಿನಲ್ಲಿ ಸೊಸೆ ಊಟಕ್ಕೆ ಕೂತಾಗ ಗಿರಾಕಿಗಳ ಕಣ್ಣಿಗೆ ಬೀಳುತ್ತಿದ್ದಳು. ಸಿದ್ದಗಂಗಮ್ಮ ಸೊಸೆಗೆ ತುತ್ತು ತುತ್ತಿಗೂ ಕಣ್ಣೀರು ಹಾಕಿಸುತ್ತಾಳೆ ಎಂದು ಪೇಟೆಯಲ್ಲಿ ಮಾತು ಹಬ್ಬಿತು. ಹೆಸರು ಕೆಟ್ಟದ್ದು ಅತ್ತೆಯದು. ನ್ಯಾಯವಾಗಿ ನೋಡಿದರೆ ಆಕೆ ಆ ಹುಡುಗಿಗೆ ಒಂದು ಬಿರುಸು ಮಾತು ಆಡಿದವರಲ್ಲ. ಬಿದ್ದ ಹೊಸದರಲ್ಲಿ ಬಲಗೆನ್ನೆಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ ಎಂದು, ಅಗಿಯುವ ಕಷ್ಟವಿಲ್ಲದೆ ನುಂಗಲಿ ಎಂದು ಕೈಯಾರೆ ಪುಟ್ಟ ಪುಟ್ಟ ಮುದ್ದೆ ಕಟ್ಟಿ ಕೊಟ್ಟವರು. ಈಗ ಆಕೆಗೇ ಸಂಶಯ ಶುರುವಾಯಿತು. ನರದ ನೆಪ ಮಾಡಿಕೊಂಡು ಸೊಸೆ ತನ್ನ ಅಡುಗೆಯ ಮೇಲೆ, ಮನೆಯ ಮೇಲೆ ಏನೋ ಸೇಡು ತೀರಿಸಿಕೊಳ್ಳುತ್ತಿದ್ದಾಳೆಯೇ?

ಶೈಲಾ ತಾನೇ ಒಂದು ಉಪಾಯ ಕಂಡುಕೊಂಡಳು. ಉಪ್ಪು ಹುಳಿ ಖಾರ ತಗುಲಿದರೆ ತಾನೇ ನೀರು? ಮುದ್ದೆಯನ್ನು ಸಾರು ಬಿಟ್ಟು, ಬರೀ ನೀರು ಮಜ್ಜಿಗೆಯಲ್ಲಿ ಅದ್ದಿ ನುಂಗತೊಡಗಿದಳು. ಕಣ್ಣೀರು ಅರ್ಧಕ್ಕೆ ಇಳಿಯಿತು. ಸಾರಿಗೇ ಹೆಸರುವಾಸಿಯಾದ ಮೆಸ್ಸಿನಲ್ಲಿ ಸೊಸೆ ಸಾರು ಮುಟ್ಟುವುದಿಲ್ಲ ಎಂದಾಯಿತು. ಸಿದ್ದಗಂಗಮ್ಮನಿಗೆ ಅದು ಅಳುವಿಗಿಂತ ದೊಡ್ಡ ಅವಮಾನ. "ನನ್ ಕೈ ಸಾರು ವಿಸ ಆಗೋಯ್ತಾ ನಿಂಗೆ?" ಎಂದು ಮೊದಲ ಸಲ ಕೂಗಾಡಿದರಂತೆ. ಅಂದಿನಿಂದ ಅವಳ ತಟ್ಟೆ ಹಿತ್ತಲಿನ ಪಾತ್ರೆ ತೊಳೆಯುವ ಜಾಗಕ್ಕೆ ಹೋಯಿತು. ಮಹೇಶ ನನ್ನ ಕೋಣೆಯಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಳ್ಳುತ್ತಿದ್ದ, ಮಾಗಡಿ ತಲುಪುವಷ್ಟರಲ್ಲಿ ಅವನ ಬಾಯಿ ಕಟ್ಟುತ್ತಿತ್ತು. ಇನ್ನು ತವರಲ್ಲೇ ಇದ್ದುಬಿಡಲಿ ಎನ್ನುವವರೆಗೂ ಮಾತು ಹೋಯಿತು.

"ನನ್ ಮಗ್ಳು ಸಂಸಾರ ಮಾಡ್ಬೇಕು ಕಣ್ರವ್ವ. ನೀವೊಂದ್ ಕಿತ ಬಂದು ಅವ್ರತ್ತೆಗೆ ತಿಳ್ಯಂಗೆ ಹೇಳ್ಬುಡಿ" ಎಂದು ಗಂಗಾಧರಯ್ಯ ಕೈ ಮುಗಿದರು.

ಒಂದು ಭಾನುವಾರ ಹೋದೆ. ಮೆಸ್ಸಿಗೆ ಅವತ್ತು ರಜೆ. ಸಿದ್ದಗಂಗಮ್ಮ ಬೆಂಚು ಒರೆಸಿ ಕೂರಿಸಿದರು, ಕಾಫಿ ಕೊಟ್ಟರು, ಮುಖ ಮಾತ್ರ ಗಂಟು. ನಾನು ಮಾತಾಡಲು ಹೋಗಲಿಲ್ಲ. ಒಂದು ಹುಣಸೆಹಣ್ಣಿನ ಎಸಳು ತರಿಸಿ ಶೈಲಾಳ ನಾಲಿಗೆಯ ಮೇಲಿಟ್ಟೆ. ಬಲಗಣ್ಣು ಧಾರಾಕಾರ. "ಎಡಗಣ್ಣು ನೋಡಿ" ಎಂದೆ. ಸಿದ್ದಗಂಗಮ್ಮ ಹತ್ತಿರ ಬಂದು, ಸೊಸೆಯ ಎಡಗಣ್ಣಿನ ಕೆಳಗೆ ಬೆರಳಿಂದ ಒತ್ತಿ ನೋಡಿದರು. ಒಣಗಿತ್ತು. "ದುಃಖ ಅಂದರೆ ಎರಡೂ ಕಣ್ಣಲ್ಲಿ ಬರುತ್ತೆ ತಾಯಿ. ಒಂದೇ ಕಣ್ಣಲ್ಲಿ ಬಂದರೆ ಅದು ನರ" ಎಂದೆ. ಆಕೆ ಇನ್ನೊಂದು ಎಸಳು ತಂದು ತಾವೇ ಇಟ್ಟು ನೋಡಿದರು. ಆಮೇಲೆ ಕುಸಿದು ಕೂತು, "ಅಯ್ಯೋ ಶಿವ್ನೇ, ಇಂಥಾ ಮಗೀನ ಹಿತ್ಲಲ್ಲಿ ಕೂರ್‌ಸ್ಬುಟ್ನಲ್ಲಾ" ಎಂದು ಅತ್ತರು. ಅವತ್ತು ಶೈಲಾಳ ತಟ್ಟೆ ಒಳಗೆ ಬಂತು, ಅದರಲ್ಲಿ ಸಾರೂ ಇತ್ತು. ವಾಪಸು ಬರುವ ಬಸ್ಸಿನಲ್ಲಿ ನನಗೆ ಬಹಳ ಹೆಮ್ಮೆ.

ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಪೇಟೆಯಲ್ಲಿ ಕೆಟ್ಟ ಹೆಸರನ್ನು ತೊಳೆದುಕೊಳ್ಳಬೇಕಲ್ಲ ಸಿದ್ದಗಂಗಮ್ಮ. ಯಾರು ಬಂದರೂ ಸೊಸೆಯನ್ನು ಕರೆಯತೊಡಗಿದರು. ನೆಂಟರು ಬಂದರೆ, ಪಕ್ಕದ ಅಂಗಡಿಯವರು ಬಂದರೆ, ಬಾಯಿ ಬಿಟ್ಟು ಕೇಳಿದ ಗಿರಾಕಿ ಬಂದರೆ, ಹುಣಸೆಹಣ್ಣು. "ನೋಡ್ಕಳಿ, ನಾನೇನ್ ಅಳುಸ್ತಿಲ್ಲ. ಅದು ನರದ್ದು. ಎಡಗಣ್ಣು ನೋಡಿ, ಒಣಿಕ್ಕಂಡೈತೆ." ಶೈಲಾ ಬಾಯಿ ತೆರೆಯುತ್ತಿದ್ದಳು, ಜನ ಬಗ್ಗಿ ನೋಡುತ್ತಿದ್ದರು, ಹೌದಲ್ಲಾ ಎನ್ನುತ್ತಿದ್ದರು. ಗಂಗಾಧರಯ್ಯ ನನ್ನ ಕೋಣೆಗೆ ಬಂದು, ಹಿಂದೆಂದೂ ಕಾಣದಷ್ಟು ಸಿಟ್ಟಿನಿಂದ, "ಕರಡಿ ಕುಣ್ಸ್‌ದಂಗೆ ಕುಣುಸ್ತಾವ್ರೆ ನನ್ ಮಗ್ಳನ್ನ" ಎಂದರು. ನಾನು ಸಿದ್ದಗಂಗಮ್ಮನಿಗೆ ಫೋನ್ ಮಾಡಿ ನಿಲ್ಲಿಸಿ ಎಂದೆ. ಆಕೆ ಮುಗ್ಧವಾಗಿ, "ನೀವೇ ಅಲ್ವಾ ಮೇಡಂ ತೋರ್‌ಸ್ಕೊಟ್ಟಿದ್ದು?" ಎಂದರು. ನಾನು ಫೋನಿಟ್ಟೆ. ಕ್ರಮೇಣ ನೋಡದವರು ಊರಲ್ಲಿ ಉಳಿಯಲಿಲ್ಲ, ಆಟ ತಾನಾಗಿ ನಿಂತಿತು.

ಶೈಲಾ ಆ ಮನೆಯಲ್ಲಿ ಉಳಿದಳು. ಎಲ್ಲರ ಜೊತೆ ಕೂತು ಸಾರು ಕಲಸಿ ಉಣ್ಣುತ್ತಾಳೆ, ಕಣ್ಣಿಂದ ನೀರು ಇಳಿಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಕೇಳಿದ್ದಕ್ಕೆ, "ಚೆನ್ನಾಗಿವ್ನಿ ಮೇಡಂ" ಎನ್ನುತ್ತಿದ್ದಳು. ನಾನು ನಿವೃತ್ತಳಾದೆ.

ಈಗ್ಗೆ ಕೆಲವು ತಿಂಗಳ ಹಿಂದೆ ಗಂಗಾಧರಯ್ಯ ತೀರಿಕೊಂಡರು. ಎದೆ ಹಿಡಿದುಕೊಳ್ತಾ ಐತೆ ಎಂದು ಜಗಲಿಯ ಮೇಲೆ ಕೂತವರು ಏಳಲಿಲ್ಲವಂತೆ. ಸುದ್ದಿ ತಡವಾಗಿ ತಿಳಿಯಿತು, ಶಿವಗಣಾರಾಧನೆಯ ದಿನಕ್ಕೆ ಗುಡೇಮಾರನಹಳ್ಳಿಗೆ ಹೋದೆ. ಅದೇ ಜಗಲಿಯ ಮೇಲೆ ಹೂವು ಹಾಕಿದ ಫೋಟೋ ಇಟ್ಟಿದ್ದರು. ಫೋಟೋದಲ್ಲಿ ಮುದುಕರು ತುಟಿ ಬಿಗಿದುಕೊಂಡಿದ್ದರು. ನಾನು ಕಂಡಿದ್ದ ಮುಖ ಅದಲ್ಲ.

ಕಡೆಯ ಪಂಕ್ತಿಗೆ ಮನೆಯವರು ಕೂತರು, ನನ್ನನ್ನೂ ಅವರ ಜೊತೆ ಕೂರಿಸಿದರು. ನನ್ನ ಎದುರಿನ ಸಾಲಿನಲ್ಲಿ ಶೈಲಾ. ಸಿದ್ದಗಂಗಮ್ಮ ಬೀಗಿತ್ತಿ, ಸುಮ್ಮನೆ ಕೂತು ಉಣ್ಣಬೇಕಾದವರು. ಆದರೆ ಮೆಸ್ಸು ನಡೆಸಿದ ಕೈ ಸುಮ್ಮನಿರುತ್ತದೆಯೇ, ಸೊಂಟಕ್ಕೆ ಸೆರಗು ಸಿಕ್ಕಿಸಿ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದರು. ಶೈಲಾ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ನೀರು ಇಳಿಯಿತು. ಪಕ್ಕದಲ್ಲಿ ಕೂತಿದ್ದ ದೂರದ ನೆಂಟರ ಹೆಂಗಸು ತನ್ನ ಊಟ ನಿಲ್ಲಿಸಿ, "ಅಳ್ಬ್ಯಾಡ ಕಣವ್ವ, ಉಣ್ಣು" ಎಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಸಾಲಿನ ಆ ತುದಿಯಿಂದ ಸಿದ್ದಗಂಗಮ್ಮ ಕೂಗಿ ಹೇಳಿದರು: "ಅದು ಅಳು ಅಲ್ಲ ಕಣ್ರವ್ವ, ನರದ್ದು. ಉಂಬಾಗ ಹಂಗೇ ಬತ್ತೈತೆ. ನೀವ್ ಉಣ್ಣಿ, ಉಣ್ಣಿ."

ಹೆಂಗಸು ಕೈ ತೆಗೆದಳು. ಸಾಲಿಡೀ ಮತ್ತೆ ಊಟಕ್ಕೆ ತಲೆ ಬಗ್ಗಿಸಿತು.

ನಾನು ಬಗ್ಗಿಸಲಿಲ್ಲ. ಎದುರಿಗೇ ಕೂತಿದ್ದೆನಲ್ಲ, ಕಾಣುತ್ತಿತ್ತು. ನೀರು ಎರಡೂ ಕಡೆಯಿಂದ ಇಳಿಯುತ್ತಿತ್ತು. ಎಡಗೆನ್ನೆಯ ಮೇಲಿನ ಗೆರೆ ಗಲ್ಲದವರೆಗೂ ಬಂದು ಎಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಸಿದ್ದಗಂಗಮ್ಮನವರೇ, ಎಡಗಣ್ಣು ನೋಡಿ" ಎಂದೆ.

ಆಕೆ ಬಕೆಟ್ಟು ಹಿಡಿದೇ ಬಂದರು. ಬಗ್ಗಿ, ಸೊಸೆಯ ಗಲ್ಲವನ್ನು ಎತ್ತಿ, ವರ್ಷಗಳ ಹಿಂದೆ ಮಾಡಿದ ಹಾಗೇ ಎಡಗಣ್ಣಿನ ಕೆಳಗೆ ಬೆರಳು ಒತ್ತಿದರು. ಬೆರಳು ಒದ್ದೆಯಾಯಿತು. ಆಕೆಯ ಮುಖದಲ್ಲಿ ನಿಜವಾದ ಗಾಬರಿ ಕಂಡಿತು. ನನ್ನ ಕಡೆ ತಿರುಗಿ ಕೇಳಿದರು:

"ಅಯ್ಯೋ ಮೇಡಂ, ಆ ಕಡೀಕೂ ಬಂದ್ಬುಡ್ತಾ ಕಾಯ್ಲೆ?"

ಶೈಲಾ ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ಇಲ್ಲ ಅತ್ತೆ. ಈ ಕಡೇದು ಅಪ್ಪಂದು" ಎಂದಳು.